ಕಿವಿಯಿಂದಲೇ ಫರ್ನೇಸ್ ನೋಡುವ ಲೆಂಪಿ

ಬೆಳಗಿನ ಆರು ಗಂಟೆ. ಹೊರಗೆ ಸೊನ್ನೆಗಿಂತ ಇಪ್ಪತ್ತೆಂಟು ಡಿಗ್ರಿ ಕೆಳಗೆ. ಅಮೆರಿಕದ ಉತ್ತರ ಮಿನ್ನೆಸೋಟದ ನಮ್ಮ ಗಣಿ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಅಂಗಡಿಯಾಕೆ ಲೆಂಪಿ ಹೌತಾಲಾ ಕೋಟನ್ನೂ ಬಿಚ್ಚದೆ ಫೋನೆತ್ತಿ ಸ್ಪೀಕರ್ ಹಾಕುತ್ತಾರೆ. ಆ ಕಡೆ ಇರುವುದು ರೂಡಿ ಪ್ರೆಬಿಚ್, ಅವರ ಜೊತೆ ಶಾಲೆಗೆ ಹೋದವರು. ಮನೆ ಬಿಸಿ ಮಾಡುವ ಗ್ಯಾಸ್ ಫರ್ನೇಸ್ ನಿಂತುಹೋಗಿದೆ. ರೂಡಿಯ ಹೆಂಡತಿ ಆಗ್ನೆಸ್ ನ್ಯುಮೋನಿಯಾದಿಂದ ಎದ್ದು ಮೊನ್ನೆಯಷ್ಟೇ ಮನೆಗೆ ಬಂದಿದ್ದಾರೆ. ಮನೆ ಬೇಗ ಬಿಸಿಯಾಗದಿದ್ದರೆ ಅವರನ್ನು ಮತ್ತೆ ಆಸ್ಪತ್ರೆಗೇ ಒಯ್ಯಬೇಕು.

"ಗ್ಯಾಸ್ ವಾಸನೆ ಇದೆಯಾ? ತಲೆನೋವು, ತಲೆಸುತ್ತು?"

"ಏನೂ ಇಲ್ಲ ಕಣೆ. ಚಳಿ ಅಷ್ಟೆ."

"ಹಾಗಿದ್ರೆ ಬಾಯಿ ಮುಚ್ಕೊಂಡು ಫೋನನ್ನ ಫರ್ನೇಸ್ ಪಕ್ಕ ಹಿಡಿ."

ಎಪ್ಪತ್ತೆರಡರ ಲೆಂಪಿ ಮೆಕ್ಯಾನಿಕ್ ಅಲ್ಲ, ಮೊಳೆ ಸ್ಕ್ರೂ ಮಾರುವವರು. ಇಪ್ಪತ್ತು ವರ್ಷಗಳ ಹಿಂದೆ ಅವರ ಮನೆಯ ಫರ್ನೇಸ್ ಕೆಟ್ಟಾಗ ಮೆಕ್ಯಾನಿಕ್ ಬರಲು ಮೂರು ದಿನ ಹಿಡಿಯಿತು. ಅಷ್ಟರಲ್ಲಿ ನೀರಿನ ಪೈಪುಗಳೆಲ್ಲ ಹೆಪ್ಪುಗಟ್ಟಿ ಒಡೆದಿದ್ದವು. ಬಂದವನು ಮಾಡಿದ್ದು ಗಾಳಿ ಸೋಸುವ ಫಿಲ್ಟರ್ ಬದಲಿಸುವ ಕೆಲಸ, ಐದು ನಿಮಿಷದ್ದು. "ಆವತ್ತಿನ ಸಿಟ್ಟು ಇನ್ನೂ ಇಳಿದಿಲ್ಲ ನಂಗೆ" ಎನ್ನುತ್ತಾರೆ. ಆ ಸಿಟ್ಟಿನಲ್ಲೇ ಫರ್ನೇಸಿನ ಒಂದೊಂದು ಸದ್ದನ್ನೂ ತಾವೇ ಕಲಿತರು.

ಈಗ ಇಂಥ ಚಳಿಯಲ್ಲಿ ದಿನಕ್ಕೆ ಹದಿನಾಲ್ಕು, ಹದಿನೈದು ಕರೆ. ಅರ್ಧಕ್ಕರ್ಧ ಫಿಲ್ಟರ್ ಕೊಳೆ. ಕೆಲವರು ಫರ್ನೇಸಿನ ಮುಚ್ಚಳ ಸರಿಯಾಗಿ ಕೂರಿಸಿರುವುದಿಲ್ಲ. ಇನ್ನು ಕೆಲವರು ನೆಲಮಾಳಿಗೆಯ ಮೆಟ್ಟಿಲ ಬಳಿಯ ಫರ್ನೇಸ್ ಸ್ವಿಚ್ಚನ್ನೇ ದೀಪದ್ದೆಂದು ಆರಿಸಿರುತ್ತಾರೆ. "ಅದ್ರಲ್ಲಿ ಮೇಷ್ಟ್ರುಗಳೇ ಜಾಸ್ತಿ!" ಗ್ಯಾಸ್ ವಾಸನೆ ಎಂದವರಿಗೆ ಮಾತ್ರ ಒಂದೇ ಉತ್ತರ: "ಮೊದ್ಲು ಮನೆ ಬಿಟ್ಟು ಹೊರಗೆ ಓಡಿ."

ರೂಡಿಯ ಫರ್ನೇಸಿನಲ್ಲಿ ಹೊಗೆ ಹೊರದೂಡುವ ಸಣ್ಣ ಫ್ಯಾನ್ ತಿರುಗುತ್ತದೆ, ಉರಿ ಹತ್ತುವುದಿಲ್ಲ. ಮತ್ತೆ ತಿರುಗುತ್ತದೆ, ಮತ್ತೆ ನಿಲ್ಲುತ್ತದೆ. ಲೆಂಪಿ ಕಣ್ಣು ಮುಚ್ಚಿ ಕೇಳುತ್ತಾರೆ.

"ಹೊಗೆ ಹೋಗೋ ದಾರಿ ಕಟ್ಕೊಂಡಿದೆ. ಹೊರಗೋಡೇಲಿ ಹೊಗೆ ಬಿಡೋ ಬಿಳಿ ಪೈಪ್ ಇದೆಯಲ್ಲ, ಅದರ ಬಾಯಿ ತೆರೆದಿದೆಯಾ?"

"ಆಗ್ನೆಸ್‌ಗೆ ಬೆಚ್ಚಗಿರ್ಲಿ ಅಂತ ನಿನ್ನೆ ಗಾಳಿ ನುಗ್ಗದ ಹಾಗೆ ಗೋಡೆಗೆ ಹಿಮ ಒತ್ತಿದ್ದೆ. ಅಪ್ಪ ಮಾಡ್ತಿದ್ನಲ್ಲ, ಹಾಗೆ."

"ನಿಮ್ಮಪ್ಪನ ಹೊಗೆ ಛಾವಣಿ ಮೇಲಿಂದ ಹೋಗ್ತಿತ್ತು ಕಣೋ. ನಿಂದು ಮೊಣಕಾಲೆತ್ತರದಲ್ಲಿ ಹೋಗತ್ತೆ. ಸ್ವಿಚ್ ಆರಿಸಿ ಹೋಗು, ಕೈಯಲ್ಲೇ ಹಿಮ ತೆಗಿ. ಸಲಿಕೆ ಹಾಕಿದ್ರೆ ಪೈಪ್ ಒಡೀತೀಯ."

ಇಪ್ಪತ್ತು ನಿಮಿಷ ಫೋನು ಹಾಗೇ ಇರುತ್ತದೆ. ಅಂಗಡಿಯಲ್ಲಿ ನಾಲ್ಕು ಮಂದಿ ಗಿರಾಕಿಗಳು. ಯಾರೂ ಅವಸರ ಮಾಡುವುದಿಲ್ಲ. ಮೆಟ್ಟಿಲ ಹಿಮ ಕರಗಿಸುವ ಉಪ್ಪಿನ ಚೀಲ ಹಿಡಿದು ನಿಂತ ನನಗೂ ಆತಂಕವೇ. ಕೊನೆಗೆ ಫೋನಿನಲ್ಲಿ ಸ್ವಿಚ್ಚಿನ ಸದ್ದು, ಫ್ಯಾನಿನ ಸದ್ದು, ಆಮೇಲೆ ಭುಸ್ಸೆಂದು ಉರಿ. ಲೆಂಪಿ ಕಣ್ಣು ಬಿಡುತ್ತಾರೆ.

ದೂರದಿಂದ ಆಗ್ನೆಸ್‌ರ ಕ್ಷೀಣ ದನಿ: "ಮೆಕ್ಯಾನಿಕ್ ಬಂದ್ನಾ?"

"ಇಲ್ಲ. ನಾನೇ ಸರಿ ಮಾಡ್ದೆ" ಎನ್ನುತ್ತಾರೆ ರೂಡಿ.

ಲೆಂಪಿ ಸದ್ದಾಗದಂತೆ ಫೋನಿಡುತ್ತಾರೆ.

"ನಿಮ್ಮ ಹೆಸರೂ ಹೇಳಲಿಲ್ಲವಲ್ಲ?" ಎಂದೆ.

"ಸುಳ್ಳೇನು ಹೇಳ್ದ? ಅವನೇ ತಾನೇ ಸರಿ ಮಾಡಿದ್ದು" ಎನ್ನುತ್ತಾ ಲೆಂಪಿ ಈಗ ಕೋಟು ಬಿಚ್ಚುತ್ತಾರೆ.