ಬಿಳಿಯಾಗಿ ಬಂದ ನಲವತ್ತು ನಿದ್ದೆಗಳು

ನಮ್ಮ ಚಿಕ್ಕಮ್ಮನನ್ನು ಮನೆಯಲ್ಲಿ ಎಲ್ಲರೂ ಮೆಲ್ಲಮ್ಮ ಎನ್ನುತ್ತಿದ್ದೆವು. ಪಕ್ಕದಲ್ಲಿ ಕೂತವರೂ ಕಿವಿಗೊಡಬೇಕು, ಅಷ್ಟು ಮೆಲುಮಾತು. ಅದು ಹುಟ್ಟುಗುಣವೋ ಕೆಲಸದಿಂದ ಅಂಟಿದ್ದೋ ಗೊತ್ತಿಲ್ಲ. ಇಪ್ಪತ್ತಾರು ವರ್ಷ ಅವಳು ದುಡಿದದ್ದು ಒಂದು ಆಸ್ಪತ್ರೆಯ ನಿದ್ರಾ ವಿಭಾಗದಲ್ಲಿ. ನಿದ್ದೆಯ ತೊಂದರೆ ಇದ್ದವರು ಅಲ್ಲಿ ಒಂದು ರಾತ್ರಿ ತಲೆಗೆ ತಂತಿ ಅಂಟಿಸಿಕೊಂಡು ಮಲಗಿ ಹೋಗುತ್ತಿದ್ದರು. ಬೆಳಿಗ್ಗೆ ಯಂತ್ರ ಬರೆದಿಟ್ಟ ಅಂಕಿಗಳಿಂದ ಆ ನಿದ್ದೆಯ ಚಿತ್ರ ಬಿಡಿಸುವುದು ಚಿಕ್ಕಮ್ಮನ ಕೆಲಸ.

ಮೊದಲೆಲ್ಲ ಗ್ರಾಫ್ ಹಾಳೆಯ ಮೇಲೆ ಕೈಯಲ್ಲೇ ಬಿಡಿಸುತ್ತಿದ್ದಳು. ಎಚ್ಚರ ಎಲ್ಲಕ್ಕಿಂತ ಮೇಲೆ, ಗಾಢ ನಿದ್ದೆ ಎಲ್ಲಕ್ಕಿಂತ ಕೆಳಗೆ, ನಡುವೆ ಏರಿಳಿಯುವ ಮೆಟ್ಟಿಲುಗಳು. ಕನಸಿನ ಹೊತ್ತಿಗೆ ಕೆಂಪು ಶಾಯಿ. "ಎಲ್ಲರೂ ಇಳಿಯೋದು ಒಂದೇ ಬಾವಿಗೆ ಕಣೇ, ಮೆಟ್ಟಿಲು ಮಾತ್ರ ಬೇರೆ ಬೇರೆ" ಎಂದು ಒಮ್ಮೆ ನನಗೆ ಹೇಳಿದ್ದಳು.

ಅವಳ ನಲವತ್ತೊಂಬತ್ತನೇ ವಯಸ್ಸಿನಲ್ಲಿ ಮೇಜಿನ ಮೇಲೆ ಕಂಪ್ಯೂಟರ್ ಬಂತು. ಅಂಕಿಅಂಶದ ಸಾಫ್ಟ್‌ವೇರಿನ ಆದೇಶಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಹೊಲಿಗೆ ಕಲಿತ ಹಾಗೆ ಕಲಿತಳು. ಒಂದು ವಾರ ವಿಭಾಗದ ಡಾಕ್ಟರಮ್ಮ ನಲವತ್ತು ಜನರ ಗ್ರಾಫುಗಳನ್ನು ಒಂದೊಂದು ಚಿತ್ರದ ಫೈಲಾಗಿ ಉಳಿಸಿಕೊಡಲು ಹೇಳಿದರು. ಒಂದೊಂದಾಗಿ ಮಾಡುತ್ತ ಕೂತರೆ ದಿನವಿಡೀ ಬೇಕು. ಚಿಕ್ಕಮ್ಮ ಒಂದೇ ಆದೇಶವನ್ನು ನಲವತ್ತು ಸುತ್ತು ಸುತ್ತುವಂತೆ ಬರೆದಳು. ಕಣ್ಣು ಮಿಟುಕಿಸುವುದರಲ್ಲಿ ನಲವತ್ತು ಫೈಲು ಸಿದ್ಧ.

ಆ ನಲವತ್ತು ಜನರಲ್ಲಿ ಒಬ್ಬರಾದ ಗಡಿಯಾರ ರಿಪೇರಿಯವರು ಅವತ್ತೇ ತಮ್ಮ ಗ್ರಾಫು ಒಯ್ಯಲು ಹೆಂಡತಿಯೊಡನೆ ಬಂದಿದ್ದರು. ಆರು ವರ್ಷದಿಂದ ರೆಪ್ಪೆ ಮುಚ್ಚಿಲ್ಲ ಎಂಬುದು ಅವರ ದೂರು.

"ಮುಚ್ಚಿಲ್ವಂತೆ. ಇವರ ಗೊರಕೆಗೆ ನಾನು ಎಚ್ಚರ ಇರ್ತೀನಿ" ಎಂದರು ಹೆಂಡತಿ.

ಚಿಕ್ಕಮ್ಮ ಅವರ ಫೈಲನ್ನು ತೆರೆದೂ ನೋಡದೆ ಪ್ರಿಂಟ್ ಕೊಟ್ಟಳು. ಹಾಳೆ ಖಾಲಿ. ರಿಪೇರಿಯವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಹೆಂಡತಿಗೆ ತೋರಿಸಿದರು. "ನೋಡಿದ್ಯಾ, ನಿದ್ದೆ ಇಲ್ಲ ಅಂತ ಯಂತ್ರಾನೇ ಹೇಳ್ತಿದೆ."

"ಸ್ವಲ್ಪ ಕೂತಿರಿ" ಎಂದಳು ಚಿಕ್ಕಮ್ಮ.

ಉಳಿದ ಫೈಲುಗಳನ್ನು ತೆರೆದಳು. ನಲವತ್ತೂ ಬಿಳಿ. ಒಬ್ಬರೂ ಮಲಗಿರಲೇ ಇಲ್ಲವೇನೋ ಎಂಬಂತೆ. ಆದೇಶವನ್ನು ಮತ್ತೆ ಓಡಿಸಿ, ಗಾಬರಿಯಾಗಿ ನಡುವೆ ನಿಲ್ಲಿಸಿದಳು. ಆಮೇಲೆ ಗ್ರಾಫು ಪರದೆಯ ಮೇಲೂ ಬರಲಿಲ್ಲ. ಕಂಪ್ಯೂಟರ್ ವಿಭಾಗದವನಿಗೆ ಫೋನ್ ಮಾಡಿದರೆ, "ಒಂದ್ಸಲ ಆಫ್ ಮಾಡಿ ಆನ್ ಮಾಡಿ ಮೇಡಂ" ಎಂದು ಇಟ್ಟುಬಿಟ್ಟ.

ಮಧ್ಯಾಹ್ನದ ಹೊತ್ತು. ಪಕ್ಕದ ಕೋಣೆಯಲ್ಲಿ ಹಾಸಿಗೆಗಳಿಗೆ ಹೊಸ ಹೊದಿಕೆ ಹಾಸಿದ್ದರು. ಮಬ್ಬು ಗಾಜಿನಿಂದ ಸೋಸಿ ಬಂದ ಬಿಸಿಲು ದಿಂಬುಗಳ ಮೇಲೆ ಮಲಗಿತ್ತು. ಚಿಕ್ಕಮ್ಮ ಆ ಹಾಸಿಗೆಗಳ ನಡುವೆ ಸುಮ್ಮನೆ ಒಂದು ಸುತ್ತು ನಡೆದಳು. ಒಂದೊಂದು ದಿಂಬಿನಲ್ಲೂ ಯಾರೋ ಬಿಟ್ಟುಹೋದ ತಗ್ಗು ಇನ್ನೂ ಇದ್ದಂತೆ ಅವಳಿಗೆ ಅನಿಸಿತು. ಇಲ್ಲಿ ಮಲಗಿದ್ದಂತೂ ನಿಜ. ಅಂಕಿಗಳೂ ಇವೆ. ಚಿತ್ರ ಮಾತ್ರ ದಾರಿಯಲ್ಲೆಲ್ಲೋ ತಪ್ಪಿಸಿಕೊಂಡಿದೆ.

ಬಂದು ಕೂತು ಒಂದೊಂದೇ ಎಳೆ ಬಿಡಿಸಿದಳು. ನಡುವೆ ನಿಲ್ಲಿಸಿದಾಗ ಒಂದು ಫೈಲು ತೆರೆದೇ ಉಳಿದಿತ್ತು. ಆಮೇಲೆ ಬಿಡಿಸಿದ್ದೆಲ್ಲ ಅದರೊಳಗೇ ಬೀಳುತ್ತಿತ್ತು. ಅದನ್ನು ಮುಚ್ಚುತ್ತಲೇ ಪರದೆಗೆ ಜೀವ ಬಂತು. ಆದರೂ ಸುತ್ತಿನಲ್ಲಿ ಹೊರಟ ಫೈಲು ಬಿಳಿಯೇ. ನಲವತ್ತನ್ನು ಒಂದಕ್ಕೆ ಇಳಿಸಿದಳು. ಬಿಳಿ. ಆ ಒಂದನ್ನೇ ಸುತ್ತಿನಿಂದ ಹೊರತೆಗೆದು ಬರೆದಳು. ಗ್ರಾಫು ಸಲೀಸಾಗಿ ಬಂತು. ಹಾಗಾದರೆ ತಪ್ಪು ಸುತ್ತಿನೊಳಗೇ. ಕೈಪಿಡಿ ತಿರುವಿದಾಗ ಒಂದು ಸಾಲು ಸಿಕ್ಕಿತು: ಬಿಡಿಯಾಗಿ ಹೇಳಿದರೆ ಈ ಸಾಫ್ಟ್‌ವೇರ್ ಗ್ರಾಫನ್ನು ತಾನಾಗಿಯೇ ತೋರಿಸುತ್ತದೆ, ಸುತ್ತಿನೊಳಗಾದರೆ ಅದನ್ನು ಕಟ್ಟಿಟ್ಟು ಸುಮ್ಮನಿರುತ್ತದೆ, ಬಿಡಿಸು ಎಂದು ಬಾಯಿಬಿಟ್ಟು ಹೇಳಬೇಕು. ಚಿಕ್ಕಮ್ಮ ಆ ಒಂದು ಪದ ಸೇರಿಸಿದಳು.

ನಲವತ್ತು ನಿದ್ದೆಗಳು ಒಂದರ ಹಿಂದೊಂದು ತೆರೆದುಕೊಂಡವು. ಕೆಲವು ತಟ್ಟನೆ ತಳಕ್ಕಿಳಿದಿದ್ದವು, ಕೆಲವು ಹೊಸ್ತಿಲಲ್ಲೇ ಅನುಮಾನಿಸುತ್ತ ನಿಂತಿದ್ದವು. ಅಲ್ಲಲ್ಲಿ ಕೆಂಪು ಗೀಟುಗಳು, ದೂರದ ದಂಡೆಯ ದೀಪಗಳ ಹಾಗೆ. ಕೆಲಸವಿದೆ ಎಂಬುದನ್ನೂ ಮರೆತು ಅವಳು ನೋಡುತ್ತ ಕೂತುಬಿಟ್ಟಳು.

ರಿಪೇರಿಯವರ ಹಾಳೆ ಈ ಸಲ ತುಂಬಿಕೊಂಡು ಬಂತು.

"ಐದು ಗಂಟೆ ಇಪ್ಪತ್ತು ನಿಮಿಷ ಮಲಗಿದ್ದೀರಿ" ಎಂದಳು.

ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಹೆಂಡತಿ ಗೆದ್ದೆ ಎನ್ನಲಿಲ್ಲ.

"ಈ ಕೆಂಪು?" ಎಂದರು ರಿಪೇರಿಯವರು.

"ಕನಸು."

"ನಂಗೆ ಕನಸೂ ಬೀಳುತ್ತಾ?"

"ನಾಲ್ಕು ಸಲ ಬಿದ್ದಿದೆ."

"ಏನು ಬಿತ್ತು ಅಂತ ಇದರಲ್ಲಿ ಇಲ್ವಾ?"

"ಅದು ನಮ್ಮ ತಂತಿಗೆ ಸಿಗಲ್ಲ."

ಹೆಂಡತಿ ಬೆರಳ ತುದಿಯಿಂದ ಕೆಂಪು ಗೀಟು ಮುಟ್ಟಿದರು. "ನಂಗೂ ಹೇಳ್ದೆ ಎಲ್ಲೋ ಹೋಗಿ ಬರ್ತೀರ, ಅಲ್ವಾ" ಎಂದರು. ಅದರಲ್ಲಿ ಆಕ್ಷೇಪಣೆ ಇರಲಿಲ್ಲ, ಒಂಚೂರು ಅಸೂಯೆ ಇತ್ತು ಎಂದು ಚಿಕ್ಕಮ್ಮ ಹೇಳುತ್ತಿದ್ದಳು.

ತಿಂಗಳಾದ ಮೇಲೆ ರಿಪೇರಿಯವರು ಒಬ್ಬರೇ ಬಂದರು. ನಿದ್ದೆ ಬಂದಿಲ್ಲ ಅಂತ ಬೆಳಿಗ್ಗೆ ಈಗಲೂ ಅನಿಸುತ್ತದಂತೆ, ಆದರೆ ಮನೆಯಲ್ಲಿ ವಾದ ಮಾಡುವುದನ್ನು ಬಿಟ್ಟಿದ್ದರು. ಬಂದದ್ದು ಅದಕ್ಕಲ್ಲ. ಒಂದು ಕನಸು ನೆನಪಿಗೆ ಉಳಿದಿತ್ತು, ಹೇಳಿ ಹೋಗೋಣ ಎಂದು. ನೀರಿಲ್ಲದ ಕೆರೆಯಲ್ಲಿ ದೋಣಿಯೊಂದು ಹೋಗುತ್ತಿತ್ತಂತೆ. ತೀರಿಹೋದ ಅಕ್ಕ ಅದರಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದಳಂತೆ. ಬಾರೋ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲವಂತೆ. ಅದನ್ನು ಬರೆದುಕೊಳ್ಳಲು ಚಿಕ್ಕಮ್ಮನ ಯಾವ ಪಟ್ಟಿಯಲ್ಲೂ ಜಾಗವಿರಲಿಲ್ಲ. ಕೈ ಕಟ್ಟಿ ಕೂತು ಪೂರ್ತಿ ಕೇಳಿದಳು. ಅವತ್ತು ಅವಳ ಊಟ ಮೂರು ಗಂಟೆಗಾಯಿತು.