ಕೋಯ್ತಾ ಮದುವೆ ತಡೆದ ಕೌಸಲ್ಯಾಬಾಯಿ

ಬೆಳಗಿನ ಐದಕ್ಕೇ ಬೀದರ ನೌಬಾದದ ಬುದ್ಧವಿಹಾರದ ಹಿಂದಿನ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಶುರುವಾಗುತ್ತದೆ. ಐವತ್ತೆಂಟರ ಕೌಸಲ್ಯಾಬಾಯಿಯ ಕೈ ಹಿಟ್ಟಿನ ಮೇಲಿದ್ದರೂ ಕಿವಿ ಪಕ್ಕದ ಕೋಣೆಯ ಕಡೆಗಿದೆ. ಅಲ್ಲಿ ಹುಡುಗಿಯರು ತ್ರಿಶರಣ, ಪಂಚಶೀಲ ಹೇಳುತ್ತಿದ್ದಾರೆ. "ಹನ್ನೊಂದು ದನಿ ಕೇಳ್ಬೇಕ್ರಿ. ಒಂದು ಕಡಿಮಿ ಆದ್ರೂ ನನಗ ಗೊತ್ತಾಗ್ತದ," ಎನ್ನುತ್ತಾರೆ.

ದಿನಕ್ಕೆ ಐವತ್ತು ರೊಟ್ಟಿ. ನಾಲ್ಕು ದಿನಕ್ಕೊಮ್ಮೆ ಬರುವ ಟ್ಯಾಂಕರಿನಿಂದ ಮೂವತ್ತು ಕೊಡ ನೀರು. ಹದಿನೆಂಟು ತುಂಬಿ ಬಾಲಮಂದಿರದಿಂದ ಹೊರಬಿದ್ದವರು, ಮನೆಯವರು ಗುಳೆ ಹೋದಾಗ ಒಂಟಿಯಾಗಿ ಉಳಿದವರು ವಿಹಾರದ ಈ ಆಶ್ರಯ ಮನೆಯಲ್ಲಿದ್ದಾರೆ. ಹೊಲಿಗೆ, ಕಾಲೇಜು ಅಂತ ಒಬ್ಬೊಬ್ಬರನ್ನೂ ದಾರಿಗೆ ಹಚ್ಚುವುದು, ಜ್ವರ ಬಂದರೆ ಹಣೆ ಮುಟ್ಟುವುದು, ಸುಳ್ಳು ಹೇಳಿದರೆ ಜಾಡಿಸುವುದು ಎಲ್ಲ ಇವರದೇ. ಹುಡುಗಿಯರಿಗೆ ಇವರು ಮಾವಶಿ, ಅಂದರೆ ಚಿಕ್ಕಮ್ಮ.

ಬರ ಬಿದ್ದ ವರ್ಷ ಇಲ್ಲಿಯ ಜನ ಕಬ್ಬು ಕಡಿಯಲು ಗಡಿಯಾಚೆ ಹೋಗುತ್ತಾರೆ. ಆಳು ಕರೆದೊಯ್ಯುವ ಮುಕಾದಮನಿಗೆ ಒಂಟಿ ಆಳು ಬೇಡ. ಗಂಡ-ಹೆಂಡತಿ ಸೇರಿದರೆ ಒಂದು ಕೋಯ್ತಾ, ಎಂದರೆ ಒಂದು ಕುಡುಗೋಲು. ಜೋಡಿ ಇಲ್ಲವೇ? ಜೋಡಿ ಮಾಡು! ದಸರೆ ಮುಗಿದು ಟ್ರ್ಯಾಕ್ಟರ್ ಹೊರಡುವ ಮುಂಚೆ ಗಡಿಬಿಡಿಯಲ್ಲಿ ಮದುವೆ. "ನಾ ಹದಿನಾಲ್ಕಕ್ಕ ಅರ್ಧಾ ಕೋಯ್ತಾ ಆದಾಕಿ," ಎನ್ನುತ್ತಾರೆ ಕೌಸಲ್ಯಾಬಾಯಿ. "ಗಂಡನ ಮಾರಿ ಬರೋಬ್ಬರಿ ನೋಡಿದ್ದೇ ಕಬ್ಬಿನ ಹೊಲದಾಗ್ರಿ."

ಇಷ್ಟೆಲ್ಲ ಗೊತ್ತಿದ್ದೂ ಹೋದ ವರ್ಷ ಅವರೇ ಮೋಸಹೋದರು. ದಸರೆಗೆ ಬರುವ ಬೌದ್ಧರ ಹಬ್ಬ ಧಮ್ಮಚಕ್ರ ದಿನದಂದು ಎಲ್ಲರಿಗೂ ಹೊಸ ಬಿಳಿ ಸೀರೆ ಕೊಟ್ಟು ಊರಿಗೆ ಕಳಿಸುವುದು ಈ ಮನೆಯ ರೂಢಿ. ನರ್ಸಿಂಗ್ ಕಲಿಯುತ್ತಿದ್ದ ಹತ್ತೊಂಬತ್ತರ ಚಂದ್ರಭಾಗಾಳಿಗೆ ತಾವೇ ನಿರಿಗೆ ಹಿಡಿದು ಉಡಿಸಿದ್ದರು. ಉಳಿದ ಹತ್ತು ಮಂದಿ ಮರಳಿದರು, ಅವಳು ಬರಲಿಲ್ಲ. ಮೂರನೇ ದಿನ ಮೊದಲ ಬಸ್ಸಿಗೆ ಭಾಲ್ಕಿ, ಅಲ್ಲಿಂದ ಅವಳ ಊರು ಭಾತಂಬ್ರಾ. ಹೋಗಿ ನೋಡಿದರೆ, ಅಯ್ಯೋ, ಮನೆ ಮುಂದೆ ಮದುವೆ ಹಂದರ! ಬೌದ್ಧರ ಮದುವೆಗೂ ಬಿಳಿ ಸೀರೆಯೇ. ಅದೇ ಸೀರೆಯಲ್ಲಿ ಚಂದ್ರಭಾಗಾ ಮದುಮಗಳಾಗಿ ನಿಂತಿದ್ದಳು. ಒಲ್ಲೆ ಅಂದವಳ ಮಾತು ಮನೆಯವರು ಯಾರೂ ಕೇಳಿರಲಿಲ್ಲ. "ನಾನೇ ಮದುಮಗಳ್ನ ತಯಾರ್ ಮಾಡಿ ಕಳಿಸಿದಂಗ ಆತಲ್ರಿ!"

ಅವರು ನೇರ ಮದುಮಗನ ಮುಂದೆ ಹೋಗಿ ನಿಂತರು. "ತಮ್ಮಾ, ಹುಡುಗಿ ಹೆಸರೇನು ಹೇಳು?" ಗೋರಖನಾಥ ಎಂಬ ಆ ಇಪ್ಪತ್ತೆರಡರ ಹುಡುಗ ತಲೆ ತಗ್ಗಿಸಿದ. "ಗೊತ್ತಿಲ್ರಿ ಮಾವಶಿ. ಮುಕಾದಮ ಬಾ ಅಂದ, ಬಂದೆ." ಮದುವೆ ನಡೆಸಿಕೊಡಲು ಬಂದಿದ್ದ ಊರ ಹಿರಿಯ ಮಾಣಿಕರಾವ್ ಬುದ್ಧವಂದನೆಯ ಪುಸ್ತಕ ಮುಚ್ಚಿದರು. "ಹೆಸರೇ ಗೊತ್ತಿಲ್ದವ್ರಿಗಿ ನಾ ಹ್ಯಾಂಗ ಪ್ರತಿಜ್ಞಾ ಹೇಳಸ್ಲಿ? ನನ್ನ ಕೈಲಿ ಆಗಲ್ಲ," ಎಂದು ಎದ್ದೇಬಿಟ್ಟರು. ಮದುವೆ ನಿಂತಿತು. ಓಡಿಬಂದು ಮಾವಶಿಯ ಸೆರಗು ಹಿಡಿದ ಚಂದ್ರಭಾಗಾ ನೌಬಾದ ಮುಟ್ಟುವವರೆಗೆ ಬಿಡಲಿಲ್ಲ.

ಈಗವಳು ಆಸ್ಪತ್ರೆಯ ತರಬೇತಿಗೆ ಹೋಗುತ್ತಾಳೆ. ಹೊಗಳಲು ಹೋದರೆ ಕೌಸಲ್ಯಾಬಾಯಿ ಹಿಟ್ಟಿನ ಕೈಯನ್ನೇ ಅಡ್ಡ ಹಿಡಿಯುತ್ತಾರೆ. "ಪೂರಾ ಕೇಳ್ರಿ ಮೊದ್ಲು. ನಾಲ್ಕು ದಿನದಾಗ ಅದೇ ಗೋರಖನಾಥಗ ಮುಕಾದಮ ಔರಾದ ಕಡಿಂದ ಬ್ಯಾರೆ ಹುಡುಗಿ ತಂದು ಕಟ್ಟಿದ. ಇನ್ನೂ ಸಣ್ಣಾಕಿ ಅಂತ್ರಿ. ನಾ ನನ್ನ ಪೋರಿನ್ನ ಕರ್ಕೊಂಡು ಬಂದೆ, ಆ ಜಾಗಾದಾಗ ಆಕಿನ್ನ ನಿಲ್ಸಿದ್ರು!"

ಈ ಸಲದ ದಸರೆಗೆ ಇನ್ನು ಎಂಟೇ ದಿನ. ಟ್ರ್ಯಾಕ್ಟರುಗಳು ಮತ್ತೆ ಹೊರಡುವ ಮುಂಚೆ ಕೌಸಲ್ಯಾಬಾಯಿ ಔರಾದಿಗೆ ಹೊರಟಿದ್ದಾರೆ. ಕೋಣೆಯಲ್ಲಿ ಇನ್ನೊಂದು ಮಂಚ ಹಾಕಿಸಿಟ್ಟಿದ್ದಾರೆ. ಅದು ಯಾರಿಗೆಂದು ಕೇಳಿದರೆ ಹಂಚಿನ ಮೇಲಿನ ರೊಟ್ಟಿ ಮಗುಚುತ್ತ ಹೇಳುತ್ತಾರೆ: "ಹುಡುಗಿ ಹೆಸರು ಗೊತ್ತಿಲ್ಲಂತ ಆ ಹುಡುಗಗ ನಾಲ್ಕು ಮಂದಿ ಮುಂದ ನಾಚಿಸಿದಾಕಿ ನಾ. ಆ ಔರಾದದ ಹುಡುಗಿ ಹೆಸರು ನನಗೂ ಗೊತ್ತಿಲ್ರಿ."