ಗೆರೆಯಷ್ಟೇ ಹೊಸ್ತಿಲು

ಬಾಡಿಗೆ ಮನೆಗಳಲ್ಲಿ ಬಾಳಿದ್ದರೆ ನಿಮಗೂ ಗೊತ್ತಿರುತ್ತದೆ, ಹೊಸ್ತಿಲಿಗೆ ಹಚ್ಚಿದ ಅರಿಶಿನ ಸುಲಭಕ್ಕೆ ಹೋಗುವುದಿಲ್ಲ. ಶುಕ್ರವಾರ ತಪ್ಪದೆ ಅವ್ವ ಬಳಿದ ಆ ಹಳದಿಯನ್ನು ಮುಂಬಯಿ ಹತ್ತಿರದ ಈ ಕಲ್ಯಾಣದ ಎಷ್ಟು ಮನೆಗಳಲ್ಲಿ ಬಿಟ್ಟು ಬಂದಿದ್ದೇವೋ! ಹನ್ನೊಂದು ತಿಂಗಳಿಗೊಮ್ಮೆ ಕರಾರು ಮುಗಿಯುತ್ತಿತ್ತು. ಮುಗಿದೊಡನೆ ಮಾಲೀಕನಿಗೆ ತನ್ನ ಅಳಿಯ ಊರಿಂದ ಬರುವುದು ನೆನಪಾಗುತ್ತಿತ್ತು. ಟ್ರಂಕು, ಸ್ಟೋವು, ದೇವರ ಪೆಟ್ಟಿಗೆ ಟೆಂಪೋ ಏರುತ್ತಿದ್ದವು. ನನ್ನ ತಮ್ಮ ವಸಂತ ನನ್ನ ಬೆನ್ನೇರುತ್ತಿದ್ದ.

ಎಳವೆಯ ಪೋಲಿಯೋ ಅವನ ಎರಡೂ ಕಾಲುಗಳ ಶಕ್ತಿಯನ್ನು ಕಸಿದಿತ್ತು. ಕೈಗಳು ಮಾತ್ರ ಬಲು ಚುರುಕು. ಉಲ್ಹಾಸನಗರದ ಅಂಗಡಿಯೊಂದರಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ, ಕೈಯಿಂದ ತಿರುಗಿಸುವ ಮೂರುಗಾಲಿಯ ಗಾಡಿಯಲ್ಲಿ ತಾನೇ ಹೋಗಿಬರುತ್ತಿದ್ದ. ಆದರೆ ಗಾಡಿ ಇರುತ್ತಿದ್ದುದು ಮೆಟ್ಟಿಲ ಬುಡದಲ್ಲಿ, ನಾವಿರುತ್ತಿದ್ದುದು ಮೂರನೆಯ ಮಹಡಿಯಲ್ಲಿ. ಲಿಫ್ಟಿಲ್ಲದ ಕಟ್ಟಡಗಳಲ್ಲಿ ನನ್ನ ಸಂಬಳಕ್ಕೆ ಎಟುಕುತ್ತಿದ್ದ ಎತ್ತರ ಅದೊಂದೇ. ಕೆಳಗಿನ ಖೋಲಿ ಕೇಳಿದರೆ "ತೋ ಗಾಳಾ ದುಕಾನಾಸಾಠೀ" ಎಂದುಬಿಡುತ್ತಿದ್ದರು, ಅದು ಅಂಗಡಿಗೆ ಮೀಸಲು. ಸೀರೆಗಳೂ ಸ್ಟೀಲಿನ ಪಾತ್ರೆಗಳೂ ನೆಲದ ಮಟ್ಟದಲ್ಲಿ ಸುಖವಾಗಿದ್ದವು. ಬೆಳಿಗ್ಗೆ ಬಾಗಿಲಲ್ಲಿ ನಾನು ಬಗ್ಗುವುದು, ಅವನು ನನ್ನ ಕೊರಳು ತಬ್ಬುವುದು, ಇಬ್ಬರೂ ಇಳಿಯುವುದು. ಸಂಜೆ ನನ್ನ ಲೋಕಲ್ ರೈಲು ತಡವಾದಷ್ಟೂ ಅವನು ಯಾರೋ ಮರೆತುಹೋದ ಸಾಮಾನಿನಂತೆ ಕೆಳಗೇ ಕಾಯುತ್ತಿದ್ದ.

"ಅಣ್ಣಾ, ನಿನ್ನ ಬೆನ್ನ ಹೋದ ಮ್ಯಾಲೆ ನಾ ಹ್ಯಾಂಗೋ?" ಎಂದು ಒಮ್ಮೆ ನಗುತ್ತಲೇ ಕೇಳಿದ. ನನಗೆ ನಗು ಬರಲಿಲ್ಲ, ಬೆನ್ನು ಆಗಲೇ ನೋಯತೊಡಗಿತ್ತು.

ಅಂಗವಿಕಲರಿಗಾಗಿ ನಗರಸಭೆ ನೆಲಮಟ್ಟದಲ್ಲಿ ಕೆಲವು ಬಾಡಿಗೆ ಖೋಲಿಗಳನ್ನು ಕಟ್ಟಿಸಲಿದೆ ಎಂದು ಕೇಳಿದ್ದೇ ತಡ, ನಾನು ಕಚೇರಿಯ ಮೆಟ್ಟಿಲು ಹತ್ತತೊಡಗಿದೆ. ಆ ವಿಭಾಗವೂ ಮಹಡಿಯ ಮೇಲೆಯೇ ಇತ್ತೆಂದು ನೀವು ಊಹಿಸಿರುತ್ತೀರಿ. ಸಾಹೇಬರು ಒಳ್ಳೆಯವರೇ, ಚಹಾ ತರಿಸಿ, "ಪುಢಚ್ಯಾ ವರ್ಷೀ ಬಘೂ" ಎನ್ನುತ್ತಿದ್ದರು, ಮುಂದಿನ ವರ್ಷ ನೋಡೋಣ. ನಿಧಿ ಮಂಜೂರಾಗಿರಲಿಲ್ಲ. ಊರ ತುಂಬ ಮೆಟ್ಟಿಲು ಕಟ್ಟುವುದನ್ನು ಯಾರೂ ಪ್ರಶ್ನಿಸುವುದಿಲ್ಲ. ಒಂದು ಮೆಟ್ಟಿಲನ್ನು ಕಟ್ಟದೆ ಬಿಡುವುದಕ್ಕೆ ಮಾತ್ರ ಸಭೆ, ಠರಾವು, ಮಂಜೂರಾತಿ ಎಲ್ಲವೂ ಬೇಕು. ಮೊದಮೊದಲು ಸಿಟ್ಟು ಬರುತ್ತಿತ್ತು, ಆಮೇಲಾಮೇಲೆ ಬರೀ ದಣಿವು. ಸಿಟ್ಟಾಗುವುದಕ್ಕೂ ಮೈಯಲ್ಲಿ ಕಸುವು ಬೇಕಲ್ಲವೇ?

ಎಷ್ಟೋ ಮುಂದಿನ ವರ್ಷಗಳು ಕಳೆದ ಮೇಲೆ ಶಹಾಡ್ ಸ್ಟೇಷನ್ನಿನ ಹತ್ತಿರ ನಮಗೊಂದು ಖೋಲಿ ಸಿಕ್ಕಿತು. ಮೆಟ್ಟಿಲಿನ ಬದಲು ಇಳಿಜಾರು, ಗಾಡಿ ಹಿಡಿಸುವಷ್ಟು ಅಗಲದ ಬಾಗಿಲು. ವಸಂತ ಒಳಗೂ ಹೊರಗೂ ಗಾಡಿ ಓಡಿಸಿ ಓಡಿಸಿ ನೋಡಿದ. ಅವ್ವ ಮಾತ್ರ ಅರಿಶಿನದ ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಹಚ್ಚುವುದಕ್ಕೆ ಹೊಸ್ತಿಲೇ ಇರಲಿಲ್ಲ.

"ಹೊಸ್ತಿಲಿಲ್ಲದ್ದು ಮನಿ ಹ್ಯಾಂಗಾದೀತು? ಲಕ್ಷ್ಮಿ ಎಲ್ಲಿ ನಿಂದರಬೇಕು?" ಎಂದಳು. ಮರುದಿನ ನಾನು ಕೆಲಸದಿಂದ ಬರುವಷ್ಟರಲ್ಲಿ ಗೌಂಡಿ ಬಂದು ಸಿಮೆಂಟು ಕಲಸುತ್ತಿದ್ದ. ನಾಲ್ಕು ಬೆರಳೆತ್ತರ ಸಾಕೆಂದು ಅವ್ವ ಅವನಿಗೆ ಹೇಳಿದ್ದಳು. ಈ ಖೋಲಿಗಾಗಿ ಕಂಡ ದೇವರಿಗೆಲ್ಲ ಹರಕೆ ಹೊತ್ತವಳೇ ಅವಳು; ಆ ನಾಲ್ಕು ಬೆರಳಿಗೆ ಮಗನ ಗಾಡಿ ನಿಂತುಬಿಡುತ್ತದೆಂದು ಅವಳಿಗೆ ಹೊಳೆದಿರಲಿಲ್ಲ. ವಸಂತನೇ ಗಾಡಿಯನ್ನು ಬಾಗಿಲಿಗೆ ತಂದ.

"ಅವ್ವಾ, ಲಕ್ಷ್ಮಿಗೆ ಕಾಲ ಅದಾವು, ಆಕಿ ಎಲ್ಲಿಂದಾದ್ರೂ ಬರತಾಳ. ನನಗ ಇದೊಂದಽ ದಾರಿ."

ಅವ್ವ ಆ ಗಾಲಿಗಳನ್ನು ನೋಡಿದಳು. ಆಮೇಲೆ ಗೌಂಡಿಗೆ ಚಹಾ ಕೊಟ್ಟು ಕಳಿಸಿದಳು. ಬೆಳಿಗ್ಗೆ ಮಿಂದವಳೇ ಸಪಾಟು ನೆಲದ ಮೇಲೆ ಅರಿಶಿನದ ಒಂದು ದಪ್ಪ ಗೆರೆ ಎಳೆದು ಕುಂಕುಮವಿಟ್ಟಳು.

ನಾನು ಎಂದಿನ ಅಭ್ಯಾಸದಿಂದ ಬಾಗಿಲಲ್ಲಿ ಬಗ್ಗಿ ನಿಂತೆ. ಕೊರಳಿಗೆ ಕೈ ಬೀಳಲಿಲ್ಲ. ತಲೆಯೆತ್ತಿದಾಗ ವಸಂತ ಆಗಲೇ ರಸ್ತೆಯ ತಿರುವಿನಲ್ಲಿದ್ದ; ಇಳಿಜಾರಿನ ಉದ್ದಕ್ಕೂ ಗಾಲಿಗಳ ಹಸಿ ಹಳದಿ ಗುರುತು. ಹಗುರವೆನಿಸಿತು ಎಂದರೆ ಸುಳ್ಳಾದೀತು. ಅಷ್ಟು ವರ್ಷಗಳ ದಣಿವೆಲ್ಲ ಒಟ್ಟಿಗೆ ಬಂದು, ನಾನು ಅಲ್ಲೇ ಕುಳಿತುಬಿಟ್ಟೆ.

ಬಿಟ್ಟುಬಂದ ಮನೆಗಳಲ್ಲಿ ತೊಳೆದರೂ ಹೋಗದಿದ್ದ ಅರಿಶಿನ ಆ ಮನೆಯಲ್ಲಿ ಒಂದು ದಿನವೂ ಉಳಿಯಲಿಲ್ಲ. ಶುಕ್ರವಾರಕ್ಕೆ ಕಾಯದೆ ಅವ್ವ ದಿನವೂ ಹೊಸದಾಗಿ ಗೆರೆ ಎಳೆಯುತ್ತಿದ್ದಳು. ವಸಂತ ದಿನವೂ ಅದನ್ನು ಅಳಿಸಿಕೊಂಡು ಕೆಲಸಕ್ಕೆ ಹೋಗುತ್ತಿದ್ದ.